ನೀರಿನೊಳಗೆ ನಿಲ್ಲುವ ವಿದ್ಯೆ

ನೆಲದ ಮೇಲೆ ಓಡುವ ವಾಹನವನ್ನು ನೆಲವೇ ಹೊತ್ತು ನಿಲ್ಲಿಸುತ್ತದೆ, ನೀರಿನ ಮೇಲೆ ತೇಲುವ ದೋಣಿಯ ಏರಿಳಿತಕ್ಕೆ ನೀರಿನ ಮೇಲ್ಮೈಯೇ ಅಂಕೆ ಹಾಕುತ್ತದೆ. ನೀರಿನೊಳಗೆ ಸಾಗುವ ಜಲಾಂತರ್ಗಾಮಿಗೆ ಈ ಎರಡು ಆಸರೆಗಳೂ ಇಲ್ಲ. ಅದು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಸರಿಯಬಲ್ಲದು. ಇದರ ಜೊತೆಗೆ ಮೂಗನ್ನು ಎತ್ತಬಹುದು ಅಥವಾ ತಗ್ಗಿಸಬಹುದು, ಮಗ್ಗುಲಿಗೆ ಹೊರಳಬಹುದು, ನಿಂತಲ್ಲೇ ಸುತ್ತಬಹುದು. ಹೀಗೆ ಒಟ್ಟು ಆರು ಬಗೆಯ ಚಲನೆಗಳಿಗೆ ತೆರೆದುಕೊಂಡಿರುವ ಯಂತ್ರವನ್ನು ಒಳಗೆ ಕುಳಿತ ಒಬ್ಬನೇ ವ್ಯಕ್ತಿ ಹತೋಟಿಯಲ್ಲಿ ಇಟ್ಟುಕೊಳ್ಳುವುದು ಹೇಗೆ ಎಂಬುದು ಮನೆಯಂಗಳದ ವರ್ಕ್‌ಶಾಪಿನಲ್ಲಿ ಪುಟ್ಟ ಜಲಾಂತರ್ಗಾಮಿ ಕಟ್ಟಲು ಹೊರಟ ಪ್ರತಿಯೊಬ್ಬ ಹವ್ಯಾಸಿಯೂ ಬಿಡಿಸಬೇಕಾದ ಲೆಕ್ಕವಾಗಿದೆ. ಈ ಲೆಕ್ಕದಲ್ಲಿ ಎಲ್ಲರ ಕಣ್ಣು ಮೊದಲು ಬೀಳುವುದು ಥ್ರಸ್ಟರ್ ಮೇಲೆ. ವಿದ್ಯುತ್ ಮೋಟಾರಿನಿಂದ ತಿರುಗುವ ಸಣ್ಣ ಪ್ರೊಪೆಲ್ಲರ್, ಅದರ ಸುತ್ತ ಬಹುಮಟ್ಟಿಗೆ ಒಂದು ಉಂಗುರದಂತಹ ಕವಚ, ಇಷ್ಟನ್ನು ಒಂದೇ ಘಟಕವಾಗಿ ಮಾಡಿ ಹಡಗಿನ ಒಡಲಿನ ಹೊರಗೆ ಬೇಕಾದ ದಿಕ್ಕಿಗೆ ಮುಖ ಮಾಡಿಸಿ ಜೋಡಿಸಿದರೆ ಅದೇ ಥ್ರಸ್ಟರ್. ಅದು ನೀರನ್ನು ಒಂದು ಕಡೆಗೆ ನೂಕಿದಾಗ ಹಡಗು ಇನ್ನೊಂದು ಕಡೆಗೆ ಸರಿಯುತ್ತದೆ.

ಅಮೆರಿಕದ ನೌಕಾಪಡೆಯಲ್ಲಿ ಅಧಿಕಾರಿಯಾಗಿದ್ದ ಜಾರ್ಜ್ ಕಿಟ್ರೆಜ್ ರೂಪಿಸಿದ ಕೆ-250 ಎಂಬ ಒಬ್ಬರೇ ಕೂರುವ ಜಲಾಂತರ್ಗಾಮಿ, ಸುಮಾರು 250 ಅಡಿ ಆಳಕ್ಕೆ ಇಳಿಯುವಂತೆ ಯೋಜಿತವಾಗಿದ್ದು, ಅದರ ನಕ್ಷೆಗಳನ್ನು ಇಟ್ಟುಕೊಂಡು ಹವ್ಯಾಸಿಗಳು ತಮ್ಮ ತಮ್ಮ ಶೆಡ್ಡುಗಳಲ್ಲಿ ಹಡಗು ಕಟ್ಟಿದ ಪರಂಪರೆಯೇ ಅಲ್ಲಿದೆ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳು ಕಡಲಿನಿಂದ ದೂರದಲ್ಲಿದ್ದರೂ ಈ ವಿದ್ಯೆಯನ್ನು ಅರಿಯಲು ಬೇಕಾದ ನೀರು ಮತ್ತು ಕೈಚಳಕ ಎರಡೂ ಈ ಸೀಮೆಯಲ್ಲಿವೆ. ಸಿಂಧನೂರಿನ ಭತ್ತದ ಗದ್ದೆಗಳಿಗೆ ನೀರುಣಿಸುವ 227 ಕಿಲೋಮೀಟರ್ ಉದ್ದದ ತುಂಗಭದ್ರಾ ಎಡದಂಡೆ ಕಾಲುವೆ ಹರಿಯುವ ನೀರಿನ ಪಾಠ ಹೇಳುತ್ತದೆ; ಮಸ್ಕಿ ನಾಲಾ ಜಲಾಶಯ ನಿಂತ ನೀರಿನದು; ಲಿಂಗಸುಗೂರಿನ ಉತ್ತರಕ್ಕೆ ಹರಿಯುವ ಕೃಷ್ಣೆಯಾದರೋ ಮೇಲಿನ ನಾರಾಯಣಪುರ ಜಲಾಶಯದ ಗೇಟುಗಳನ್ನು ಎಷ್ಟು ತೆರೆದಿದ್ದಾರೆ ಎಂಬುದರ ಮೇಲೆ ಇವೆರಡರ ನಡುವಿನ ಯಾವ ರೂಪವನ್ನಾದರೂ ತಾಳುತ್ತದೆ. ಇದೇ ನದಿಯಲ್ಲಿ ಹರಿಗೋಲು ನಡೆಸುವವರಿಗೂ, ಊರೂರಿನಲ್ಲಿ ಕೊಳವೆಬಾವಿಯ ಸಬ್‌ಮರ್ಸಿಬಲ್ ಮೋಟಾರ್ ರಿಪೇರಿ ಮಾಡುವವರಿಗೂ ಜಲಾಂತರ್ಗಾಮಿಯ ಅರ್ಧ ವಿದ್ಯೆ ಕರಗತವಾಗಿದೆ ಎಂದರೆ ಅತಿಶಯೋಕ್ತಿಯಲ್ಲ.

ಹತೋಟಿಯ ಮೊದಲ ಪಾಠ ಥ್ರಸ್ಟರಿಗೆ ಸಂಬಂಧಿಸಿದ್ದೇ ಅಲ್ಲ, ತೂಕಕ್ಕೆ ಸಂಬಂಧಿಸಿದ್ದು. ಮುಳುಗಿದ ವಸ್ತು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೆಯೋ ಅಷ್ಟು ನೀರಿನ ತೂಕಕ್ಕೆ ಸಮನಾದ ಬಲ ಅದನ್ನು ಮೇಲಕ್ಕೆ ಎತ್ತುತ್ತದೆ ಎಂಬ ಆರ್ಕಿಮಿಡೀಸನ ತತ್ತ್ವದಂತೆ, ಹಡಗಿನ ಒಟ್ಟು ತೂಕವೂ ಈ ತೇಲುಬಲವೂ ಸರಿಸಮವಾದಾಗ ಹಡಗು ಮೇಲೇಳದೆ, ಕೆಳಗಿಳಿಯದೆ ಇದ್ದಲ್ಲೇ ಇರುತ್ತದೆ. ಇದನ್ನು ತಟಸ್ಥ ತೇಲುವಿಕೆ ಎನ್ನುತ್ತಾರೆ. ಎರಡು ಸಾವಿರ ಲೀಟರ್ ನೀರನ್ನು ಸರಿಸುವ ಹಡಗು ಸಿಹಿನೀರಿನಲ್ಲಿ 2000 ಕೆಜಿ ತೂಗಿದಾಗ ಈ ಸ್ಥಿತಿಗೆ ಬರುತ್ತದೆ. ಕಡಲ ನೀರು ಉಪ್ಪಿನಿಂದಾಗಿ ಸುಮಾರು ಶೇಕಡ ಎರಡೂವರೆಯಷ್ಟು ಹೆಚ್ಚು ಭಾರವಾಗಿರುವುದರಿಂದ ಅದೇ ಹಡಗಿಗೆ ಕಾರವಾರದಲ್ಲಿ ಇನ್ನೂ 50 ಕೆಜಿ ಸೀಸದ ಗಟ್ಟಿಗಳನ್ನು ಹೇರಬೇಕಾಗುತ್ತದೆ. ಕಡಲಿಗೆ ಹೊಂದಿಸಿದ ಹಡಗನ್ನು ಆ ಗಟ್ಟಿಗಳನ್ನು ತೆಗೆಯದೆ ಕೃಷ್ಣೆಗೆ ಇಳಿಸಿದರೆ ಅದು ಕಲ್ಲಿನಂತೆ ತಳ ಸೇರುತ್ತದೆ. ಈ ಹೊಂದಾಣಿಕೆಗಾಗಿಯೇ ನೀರು ತುಂಬುವ ಮತ್ತು ಖಾಲಿ ಮಾಡುವ ಬ್ಯಾಲಸ್ಟ್ ಟ್ಯಾಂಕುಗಳಿರುತ್ತವೆ. ಅವುಗಳಲ್ಲಿ ಗಾಳಿ ಉಳಿಯದಂತೆ ನೋಡಿಕೊಳ್ಳುವುದು ಬಹಳ ಮುಖ್ಯ, ಏಕೆಂದರೆ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. ಮೇಲೆ 20 ಲೀಟರ್ ಇದ್ದ ಗಾಳಿ 10 ಮೀಟರ್ ಕೆಳಗೆ 10 ಲೀಟರಿಗೆ ಕುಗ್ಗುವುದರಿಂದ ಹಡಗು ಅಲ್ಲಿ 10 ಕೆಜಿ ತೇಲುಬಲ ಕಳೆದುಕೊಳ್ಳುತ್ತದೆ, ಹಾಗೆ ಕಳೆದುಕೊಂಡಷ್ಟೂ ಬೇಗ ಇಳಿಯುತ್ತದೆ, ಇಳಿದಷ್ಟೂ ಗಾಳಿ ಇನ್ನೂ ಕುಗ್ಗುತ್ತದೆ.

ತೂಕ ಸರಿಹೋದ ಮೇಲೆ ಆ ತೂಕ ಎಲ್ಲಿ ಕುಳಿತಿದೆ ಎಂಬ ಪ್ರಶ್ನೆ ಏಳುತ್ತದೆ. ಭಾರವೆಲ್ಲ ಒಟ್ಟಾಗಿ ಕೆಳಕ್ಕೆ ಎಳೆಯುವ ಬಿಂದುವನ್ನು ಗುರುತ್ವಕೇಂದ್ರವೆಂದೂ, ತೇಲುಬಲವೆಲ್ಲ ಒಟ್ಟಾಗಿ ಮೇಲಕ್ಕೆ ಎತ್ತುವ ಬಿಂದುವನ್ನು ತೇಲುಕೇಂದ್ರವೆಂದೂ ಕರೆದರೆ, ಎರಡನೆಯದು ಮೊದಲನೆಯದರ ನೇರ ಮೇಲೆ ಇರಬೇಕು. ಇವೆರಡರ ನಡುವಿನ ಅಂತರ ಹೆಚ್ಚಿದಷ್ಟೂ ಹಡಗು ವಾಲಿದಾಗ ತಾನಾಗಿಯೇ ನೆಟ್ಟಗಾಗುವ ಶಕ್ತಿ ಹೆಚ್ಚುತ್ತದೆ. 2000 ಕೆಜಿಯ ಹಡಗಿನಲ್ಲಿ ಈ ಅಂತರ 10 ಸೆಂಟಿಮೀಟರ್ ಇದ್ದು, ಒಳಗಿರುವ 70 ಕೆಜಿಯ ಚಾಲಕ ಕಿಟಕಿಯತ್ತ 30 ಸೆಂಟಿಮೀಟರ್ ಮುಂದೆ ಬಾಗಿದರೆ ಮೂಗು ಸುಮಾರು 6 ಡಿಗ್ರಿ ಮಾತ್ರ ತಗ್ಗುತ್ತದೆ. ಅಂತರ 2 ಸೆಂಟಿಮೀಟರ್ ಮಾತ್ರ ಇದ್ದರೆ ಅದೇ ಬಾಗುವಿಕೆಗೆ ಹಡಗು ಸುಮಾರು 28 ಡಿಗ್ರಿಯಷ್ಟು ಮುಗ್ಗರಿಸುತ್ತದೆ. ಬ್ಯಾಟರಿಗಳನ್ನೂ ಸೀಸವನ್ನೂ ಆದಷ್ಟು ತಳದಲ್ಲಿ ಇರಿಸುವುದಕ್ಕೆ ಇದೇ ಕಾರಣ. ಹೀಗೆ ಭಾರದ ಜಾಗ ಸರಿಯಾಗಿ ನಿಗದಿಯಾದರೆ ಆರು ಚಲನೆಗಳಲ್ಲಿ ಎರಡು, ಅಂದರೆ ಮಗ್ಗುಲು ಹೊರಳುವುದು ಮತ್ತು ಮೂಗು ಎತ್ತಿ ತಗ್ಗಿಸುವುದು, ಯಾವ ಮೋಟಾರಿನ ನೆರವೂ ಇಲ್ಲದೆ ಅಂಕೆಗೆ ಬರುತ್ತವೆ. ಥ್ರಸ್ಟರುಗಳಿಗೆ ಉಳಿಯುವುದು ನಾಲ್ಕು ಮಾತ್ರ.

ಆ ನಾಲ್ಕರಲ್ಲಿ ಮೇಲೆ ಕೆಳಗಿನ ಚಲನೆಗೆ ನೆಟ್ಟಗೆ ನಿಲ್ಲಿಸಿದ ಥ್ರಸ್ಟರ್ ಬೇಕು. ಈ ಉಪಾಯ ಹೊಸದೇನಲ್ಲ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಡೇವಿಡ್ ಬುಶ್ನೆಲ್ ಕಟ್ಟಿದ, ಆಮೆ ಎಂಬ ಅರ್ಥದ ಟರ್ಟಲ್ ಹೆಸರಿನ ಒಬ್ಬರೇ ಕೂರುವ ಮರದ ಜಲಾಂತರ್ಗಾಮಿಯಲ್ಲಿ ಮುಂದಕ್ಕೆ ಸಾಗಲು ಒಂದು, ಮೇಲೆ ಕೆಳಗೆ ಸರಿಯಲು ಇನ್ನೊಂದು ತಿರುಪು ಇದ್ದು, ಎರಡನ್ನೂ ಒಳಗಿನಿಂದ ಹಿಡಿಕೆಯಿಂದ ತಿರುಗಿಸಬೇಕಾಗಿತ್ತು. 1776ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ಎಜ್ರಾ ಲೀ ಎಂಬ ಸೈನಿಕ ಅದರಲ್ಲಿ ಕುಳಿತು ಬ್ರಿಟಿಷ್ ಯುದ್ಧನೌಕೆಯ ತಳಕ್ಕೆ ಸ್ಫೋಟಕ ಸಿಕ್ಕಿಸಲು ಹೋದಾಗ ಮೊದಲಿಗೆ ಉಬ್ಬರವಿಳಿತದ ಸೆಳವು ಅವನನ್ನು ಗುರಿಯಿಂದ ಆಚೆಗೆ ಒಯ್ದಿತು, ಕೊನೆಗೆ ತಳಕ್ಕೆ ತಲುಪಿದರೂ ಕೊರೆಯುವ ತಿರುಪು ನಾಟಲಿಲ್ಲ. ಇದಕ್ಕೆ ಹಲವು ಕಾರಣಗಳನ್ನು ಹೇಳುವುದುಂಟಾದರೂ ಒಂದು ಮಾತು ನಿಶ್ಚಿತ: ನೀರಿನಲ್ಲಿ ತಟಸ್ಥವಾಗಿ ತೇಲುವ ಹಡಗು ಯಾವುದನ್ನಾದರೂ ಒತ್ತಿದರೆ ತಾನೇ ಹಿಂದಕ್ಕೆ ಸರಿಯುತ್ತದೆ, ಆದ್ದರಿಂದ ಒತ್ತುವಷ್ಟು ಹೊತ್ತೂ ಥ್ರಸ್ಟರ್ ಅದಕ್ಕೆ ಬೆನ್ನು ಕೊಟ್ಟು ನಿಲ್ಲಬೇಕಾಗುತ್ತದೆ. ಇಂದಿನ ಹವ್ಯಾಸಿಗಳು ಮಾಡುವ ಸಾಮಾನ್ಯ ತಪ್ಪೆಂದರೆ ತೂಕ ಸರಿಹೊಂದಿಸುವ ತಾಳ್ಮೆಯಿಲ್ಲದೆ ಈ ನೆಟ್ಟನೆಯ ಥ್ರಸ್ಟರನ್ನು ಸದಾ ಓಡಿಸಿ ಆಳ ಕಾಯ್ದುಕೊಳ್ಳುವುದು. 10 ಕೆಜಿ ಹೆಚ್ಚು ತೂಗುವ ಹಡಗನ್ನು ಹೀಗೆ ಎತ್ತಿ ಹಿಡಿಯಲು ಬ್ಯಾಟರಿ ಸತತವಾಗಿ ನೂರು ನೂರೈವತ್ತು ವ್ಯಾಟ್ ಕೊಡಬೇಕು. ಮೋಟಾರ್ ನಿಂತ ಕ್ಷಣ ಹಡಗು ಇಳಿಯತೊಡಗುತ್ತದೆ. ಬಲ್ಲವರು ಹಡಗನ್ನು ಒಂದೆರಡು ಕೆಜಿ ಹಗುರವಾಗಿಯೇ ಇಟ್ಟುಕೊಂಡು, ಥ್ರಸ್ಟರಿನಿಂದ ಕೆಳಕ್ಕೆ ನೂಕಿ ಹಿಡಿಯುತ್ತಾರೆ. ಆಗ ವಿದ್ಯುತ್ ಕೈಕೊಟ್ಟರೂ ಹಡಗು ಮೇಲಕ್ಕೇ ಬರುತ್ತದೆ.

ಮುಂದೆ ಸಾಗುವುದಕ್ಕೂ ತಿರುಗುವುದಕ್ಕೂ ಸಾಮಾನ್ಯವಾಗಿ ಎಡ ಬಲ ಎರಡು ಥ್ರಸ್ಟರುಗಳಿರುತ್ತವೆ. ಎರಡೂ ಸಮನಾಗಿ ನೂಕಿದರೆ ಹಡಗು ನೇರ ಹೋಗುತ್ತದೆ, ಒಂದು ಹೆಚ್ಚು ನೂಕಿದರೆ ಇನ್ನೊಂದರ ಕಡೆಗೆ ತಿರುಗುತ್ತದೆ, ಒಂದು ಮುಂದಕ್ಕೂ ಇನ್ನೊಂದು ಹಿಂದಕ್ಕೂ ನೂಕಿದರೆ ನಿಂತಲ್ಲೇ ಸುತ್ತುತ್ತದೆ. ದೊಡ್ಡ ಹಡಗುಗಳ ಚುಕ್ಕಾಣಿ ಅದರ ಮೇಲೆ ನೀರು ವೇಗವಾಗಿ ಹರಿದರೆ ಮಾತ್ರ ಕೆಲಸ ಮಾಡುವುದರಿಂದ, ನಿಧಾನವಾಗಿ ತೆವಳುವ ಪುಟ್ಟ ಹಡಗಿಗೆ ಈ ಜೋಡಿ ಥ್ರಸ್ಟರುಗಳೇ ಹೆಚ್ಚು ನೆಚ್ಚಿನವು. ಅವುಗಳ ನೂಕುವ ರೇಖೆ ಹಡಗಿನ ಮೇಲೆ ನೀರಿನ ತಡೆ ಕೇಂದ್ರೀಕರಿಸುವ ಮಟ್ಟದಲ್ಲೇ ಇರಬೇಕು. ಕೆಳಗೆ ಜೋಡಿಸಿದರೆ ವೇಗ ಕೊಟ್ಟಾಗಲೆಲ್ಲ ಮೂಗು ಮೇಲೇಳುತ್ತದೆ, ಮೇಲೆ ಜೋಡಿಸಿದರೆ ಕೆಳಗಿಳಿಯುತ್ತದೆ.

ದುಂಡನೆಯ ಒಡಲಿಗೆ ದಿಕ್ಕು ಹಿಡಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಹರಿಗೋಲಿಗಿಂತ ಒಳ್ಳೆಯ ಉದಾಹರಣೆಯಿಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ತುಂಗಭದ್ರೆಯಲ್ಲಿ ಜನರನ್ನೂ ದನಕುದುರೆಗಳನ್ನೂ ದಾಟಿಸುತ್ತಿದ್ದ ಚರ್ಮ ಹೊದಿಸಿದ ಈ ದುಂಡು ದೋಣಿಗಳನ್ನು ವರ್ಣಿಸುತ್ತ, ಅವು ಉಳಿದ ದೋಣಿಗಳಂತೆ ನೇರ ಹೋಗದೆ ಸುತ್ತುತ್ತಲೇ ಸಾಗುತ್ತವೆ ಎಂದು ಗುರುತಿಸಿದ್ದನು. ಉದ್ದನೆಯ ದೋಣಿಗೆ ತಳದ ಏಣು ದಾರಿ ತಪ್ಪದಂತೆ ತಡೆಯೊಡ್ಡುತ್ತದೆ, ದುಂಡನೆಯದಕ್ಕೆ ಅಂತಹ ತಡೆಯೇ ಇಲ್ಲ. ಆದ್ದರಿಂದ ಅಂಬಿಗನು ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ, ಹುಟ್ಟನ್ನು ಮುಂದುಗಡೆ ನೀರಿಗಿಳಿಸಿ ತನ್ನತ್ತ ಎಳೆದುಕೊಳ್ಳುತ್ತ, ಒಂದು ಎಳೆತದಿಂದ ಎಡಕ್ಕೆ ಸುತ್ತಿದ್ದನ್ನು ಮರು ಎಳೆತದಲ್ಲಿ ಬಲಕ್ಕೆ ತಿದ್ದುತ್ತಾನೆ. ಸುತ್ತು ಶುರುವಾಗುವ ಮೊದಲೇ ಅದನ್ನು ಮುರಿಯುವುದರಲ್ಲಿ ಅವನ ಕೌಶಲವೆಲ್ಲ ಅಡಗಿದೆ. ಪುಟ್ಟ ಜಲಾಂತರ್ಗಾಮಿಯ ಒಡಲೂ ಒತ್ತಡ ತಾಳಲೆಂದು ಗೋಳವೋ ಗಿಡ್ಡ ಸಿಲಿಂಡರೋ ಆಗಿರುವುದರಿಂದ ಅದರ ಸ್ವಭಾವವೂ ಇದೇ ಆಗಿದ್ದು, ಹಿಂಭಾಗದಲ್ಲಿ ಸ್ಥಿರ ರೆಕ್ಕೆಗಳನ್ನು ಕೂರಿಸಿದರೆ ಈ ಚಾಂಚಲ್ಯ ಒಂದಿಷ್ಟು ತಗ್ಗುತ್ತದೆ.

ನೀರಿನ ಸೆಳವಿನ ಮುಂದೆ ಥ್ರಸ್ಟರಿನ ಬಲವೆಷ್ಟು ಎಂಬುದನ್ನು ಅಂಕಿಗಳಲ್ಲೇ ನೋಡುವುದು ಲೇಸು. ಒಂದು ಚದರ ಮೀಟರಿನಷ್ಟು ಮುಖವಿರುವ, ಸಾಧಾರಣ ನಯವಾದ ಹಡಗು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಸಾಗಲು ಸುಮಾರು 25 ಕೆಜಿಯಷ್ಟು ನೂಕುಬಲ ಬೇಕು. ಹವ್ಯಾಸಿಗಳು ಹೆಚ್ಚಾಗಿ ಬಳಸುವ, ಮೀನು ಹಿಡಿಯುವ ಸಣ್ಣ ದೋಣಿಗಳ 12 ವೋಲ್ಟ್ ಮೋಟಾರ್ ನಿಂತ ನೀರಿನಲ್ಲಿ ಕೊಡುವುದೂ ಅಷ್ಟನ್ನೇ, ಅದಕ್ಕೆ ಅದು ಸುಮಾರು 600 ವ್ಯಾಟ್ ನುಂಗುತ್ತದೆ. ನೀರಿನ ತಡೆ ವೇಗದ ವರ್ಗಕ್ಕೆ ತಕ್ಕಂತೆ, ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ, ವೇಗ ಇಮ್ಮಡಿಯಾಗಬೇಕಾದರೆ ನೂಕುಬಲ ನಾಲ್ಕು ಪಟ್ಟು, ಶಕ್ತಿ ಎಂಟು ಪಟ್ಟು ಆಗಬೇಕು. ಇಂತಹ ಎರಡು ಮೋಟಾರುಗಳಿದ್ದರೂ ಹಡಗು ಗಂಟೆಗೆ 5 ಕಿಲೋಮೀಟರ್ ದಾಟದು, ಪೂರ್ಣ ವೇಗದಲ್ಲಿ ಓಡಿಸಿದರೆ 100 ಆಂಪಿಯರ್-ಗಂಟೆಯ ಬ್ಯಾಟರಿಯೊಂದು, ಅಂದರೆ ಒಂದೂಕಾಲು ಯೂನಿಟ್ಟಿಗಿಂತ ಕಡಿಮೆ ವಿದ್ಯುತ್ತು, ಒಂದು ಗಂಟೆಯೊಳಗೆ ಬರಿದಾಗುತ್ತದೆ. ಮಗ್ಗುಲಿನಿಂದ ಬರುವ ಸೆಳವು ಇನ್ನೂ ಕಠಿಣ. ಮೂರು ಚದರ ಮೀಟರಿನ ಮಗ್ಗುಲಿಗೆ ಸೆಕೆಂಡಿಗೆ ಒಂದು ಮೀಟರ್ ವೇಗದ ನೀರು ಬಡಿದರೆ ಅದರ ಒತ್ತು 150 ಕೆಜಿ ಮುಟ್ಟುತ್ತದೆ. ಎಡಕ್ಕೆ ಬಲಕ್ಕೆ ಸರಿಯಲೆಂದು ಜೋಡಿಸಿದ 25 ಕೆಜಿಯ ಅಡ್ಡ ಥ್ರಸ್ಟರ್ ಇದಕ್ಕೆ ಏನೇನೂ ಸಾಲದು.

ಆದ್ದರಿಂದ ಸೆಳವಿರುವಲ್ಲಿ ಹಡಗಿನ ಮೂಗನ್ನು ನೀರು ಬರುವ ದಿಕ್ಕಿಗೇ ತಿರುಗಿಸಿ, ಕಡಿಮೆ ತಡೆಯ ಮುಖವನ್ನು ಒಡ್ಡಿ, ಸ್ವಲ್ಪ ಓರೆಯಾಗಿ ಇಟ್ಟುಕೊಂಡು ಅಡ್ಡಡ್ಡ ಜಾರಬೇಕು. ಕೃಷ್ಣೆಯ ಅಂಬಿಗರು ಎದುರು ದಡದ ಗುರಿಗೆ ನೇರ ಹುಟ್ಟು ಹಾಕದೆ, ದಂಡೆಯುದ್ದಕ್ಕೂ ಮೇಲಕ್ಕೆ ಹೋಗಿ ಅಲ್ಲಿಂದ ಹರಿಗೋಲು ಬಿಟ್ಟು, ನೀರು ಕೆಳಕ್ಕೆ ಒಯ್ಯುವಷ್ಟನ್ನು ಮೊದಲೇ ಲೆಕ್ಕ ಹಿಡಿದು ದಾಟುವುದೂ ಇದೇ ತಿಳಿವಳಿಕೆಯಿಂದ. ನಾರಾಯಣಪುರದಿಂದ ಹೆಚ್ಚು ನೀರು ಬಿಟ್ಟಾಗ ಶೀಲಹಳ್ಳಿ ಸೇತುವೆ ಮುಳುಗಿ ಜಲದುರ್ಗದ ಕಡೆಯ ಊರುಗಳಿಗೂ ನಡುಗಡ್ಡೆಗಳಿಗೂ ದಾರಿ ಕಡಿಯುವ ದಿನಗಳಲ್ಲಿ ಈ ಲೆಕ್ಕವೂ ಕೆಲಸಕ್ಕೆ ಬಾರದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಲಾರಿಯೊಂದು ಗಂಗಾವಳಿ ನದಿ ಸೇರಿದಾಗ, ನೌಕಾಪಡೆಯ ನುರಿತ ಮುಳುಗುಗಾರರೇ ಸೆಳವಿನ ಎದುರು ಇಳಿಯಲಾರದೆ ಕಾಯಬೇಕಾಯಿತು. ಮಳೆ ತಗ್ಗಿ, ಗೋವಾದಿಂದ ಹೂಳೆತ್ತುವ ಯಂತ್ರ ಬಂದ ಮೇಲೆ ಸೆಪ್ಟೆಂಬರ್ 25ರಂದು ಲಾರಿ ಮೇಲೆ ಬಂದಿತು. ಮೋಟಾರಿನ ಸಂಖ್ಯೆ ಹೆಚ್ಚಿಸಿ ನದಿಯನ್ನು ಗೆಲ್ಲಬಹುದೆಂದು ಎಣಿಸುವವರು ಈ ಎಪ್ಪತ್ತೊಂದು ದಿನಗಳನ್ನು ನೆನೆಯಬೇಕು.

ಸೆಳವಿಲ್ಲದ ನೀರಿನಲ್ಲಿ ಹೊಸಬರನ್ನು ಕಾಡುವುದು ಹಡಗಿನ ಜಡತ್ವ, ಅಂದರೆ ಹೊರಟದ್ದು ಹೊರಟಂತೆಯೇ ಸಾಗುವ ಗುಣ. ಹಡಗಿನೊಂದಿಗೆ ಅದರ ಸುತ್ತಲಿನ ಒಂದಷ್ಟು ನೀರೂ ಚಲಿಸುವುದರಿಂದ 2000 ಕೆಜಿಯ ಹಡಗು 2200 ಕೆಜಿಯದರಂತೆ ವರ್ತಿಸುತ್ತದೆ ಎಂದು ಇಟ್ಟುಕೊಂಡರೆ, ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿರುವಾಗ ಮೋಟಾರ್ ನಿಲ್ಲಿಸಿದ ಮೇಲೆ ಆ ವೇಗ ಅರ್ಧಕ್ಕಿಳಿಯಲು ಸುಮಾರು 9 ಸೆಕೆಂಡು ಹಿಡಿಯುತ್ತದೆ, ಅಷ್ಟರಲ್ಲಿ ಹಡಗು 6 ಮೀಟರ್ ಸಾಗಿರುತ್ತದೆ. 25 ಕೆಜಿಯ ಬಲದಿಂದ ಹಿಮ್ಮುಖವಾಗಿ ನೂಕಿದರೂ ಪೂರ್ತಿ ನಿಲ್ಲಲು 7 ಸೆಕೆಂಡು, 3 ಮೀಟರ್ ಬೇಕು. ಮಣ್ಣು ಕಲೆತ ನೀರಿನಲ್ಲಿ ಕಿಟಕಿಯಿಂದ ಒಂದು ಮೀಟರ್ ಆಚೆಗೆ ಏನೂ ಕಾಣದಿದ್ದಾಗ ಬಂಡೆ ಕಂಡ ಮೇಲೆ ನಿಲ್ಲಿಸುವ ಮಾತೇ ಬರುವುದಿಲ್ಲ. ಹೀಗಾಗಿ ಅನುಭವಿ ಚಾಲಕರು ಥ್ರಸ್ಟರನ್ನು ಕ್ಷಣ ಹೊತ್ತು ಓಡಿಸಿ, ಬಿಟ್ಟು, ಹಡಗು ಏನು ಮಾಡುತ್ತದೆಂದು ನೋಡಿ, ಮತ್ತೆ ಓಡಿಸುತ್ತಾರೆ.

ನೀರಿನಾಳದಲ್ಲಿ ಮೋಟಾರನ್ನು ಒಣಗಿಸಿಟ್ಟು ಓಡಿಸುವುದು ದೊಡ್ಡ ತಲೆನೋವಿನ ಕೆಲಸ, ಏಕೆಂದರೆ ತಿರುಗುವ ಶಾಫ್ಟಿನ ಸುತ್ತಲಿನ ಸೀಲಿನ ಒಂದು ಕಡೆ ನೀರಿನ ಒತ್ತಡ, ಇನ್ನೊಂದು ಕಡೆ ಬರಿಯ ಗಾಳಿ ಇದ್ದರೆ ಆ ಸೀಲ್ ಎಂದಾದರೂ ಸೋಲುತ್ತದೆ. ಇದಕ್ಕೆ ಹವ್ಯಾಸಿಗಳು ಕಂಡುಕೊಂಡ ದಾರಿಯೆಂದರೆ ಮೋಟಾರಿನ ಒಳಗೆ ವಿದ್ಯುತ್ ಹರಿಯಗೊಡದ ತೆಳು ಎಣ್ಣೆ ತುಂಬಿಸಿ, ಹೊರಗಿನ ನೀರಿನ ಒತ್ತಡ ಒಂದು ರಬ್ಬರ್ ಚೀಲದ ಮೂಲಕ ಆ ಎಣ್ಣೆಗೂ ತಲುಪುವಂತೆ ಮಾಡುವುದು. ಎರಡೂ ಕಡೆ ಒತ್ತಡ ಸಮನಾದಾಗ ಸೀಲಿನ ಮೇಲೆ ಹೊರೆಯೇ ಬೀಳುವುದಿಲ್ಲ. ಕೊಳವೆಬಾವಿಗೆ ಇಳಿಸುವ ಸಬ್‌ಮರ್ಸಿಬಲ್ ಮೋಟಾರುಗಳನ್ನು ಬಿಚ್ಚಿ ಕಟ್ಟುವ ಮೆಕ್ಯಾನಿಕ್‌ಗಳಿಗೆ ಈ ಉಪಾಯ ಹೊಸತೆನಿಸದು. ವೈಂಡಿಂಗ್ ಮಾಡಿದ ಮೋಟಾರಿನೊಳಗೆ ಶುದ್ಧ ನೀರು ತುಂಬಿ, ಗಾಳಿಯ ಗುಳ್ಳೆ ಉಳಿಯದಂತೆ ಅಲುಗಾಡಿಸಿ, ಪ್ಲಗ್ ಬಿಗಿದು ಬಾವಿಗೆ ಇಳಿಸುವುದು ಅವರ ನಿತ್ಯದ ಕೆಲಸ. ಆ ಮೋಟಾರಿನ ತಳದಲ್ಲಿರುವ ರಬ್ಬರ್ ಡಯಾಫ್ರಮ್ಮು ಮಾಡುವುದೂ ಒಳಗಿನ ಹೊರಗಿನ ಒತ್ತಡಗಳನ್ನು ಸರಿದೂಗಿಸುವುದನ್ನೇ. ಪಿವಿಸಿ ಹೊದಿಕೆಯ ತಂತಿಯಿಂದ ಸುತ್ತಿದ ಆ ಸುರುಳಿಗಳು ನೂರಾರು ಅಡಿ ಆಳದಲ್ಲಿ ನೀರಿನಲ್ಲೇ ನೆನೆಯುತ್ತ ವರ್ಷಗಟ್ಟಲೆ ದುಡಿಯುತ್ತವೆ. ಪ್ರೊಪೆಲ್ಲರಿನ ಸುತ್ತ ಕೂರಿಸುವ ಉಂಗುರದ ಕವಚ ಕಡಿಮೆ ವೇಗದಲ್ಲಿ ನೂಕುಬಲವನ್ನು ಹೆಚ್ಚಿಸುತ್ತದೆ, ಬಳ್ಳಿ ಬಲೆಗಳು ನೇರವಾಗಿ ಅಲಗಿಗೆ ಸಿಗದಂತೆಯೂ ಒಂದಿಷ್ಟು ಕಾಯುತ್ತದೆ.

ಈ ಮೋಟಾರುಗಳಿಗೆಲ್ಲ ಆಜ್ಞೆ ಕೊಡುವುದು ಚಾಲಕನ ಕೈಯಲ್ಲಿರುವ ಜಾಯ್‌ಸ್ಟಿಕ್. ಅವನು ಅದನ್ನು ಮುಂದಕ್ಕೂ ಬಲಕ್ಕೂ ಒಟ್ಟಿಗೆ ವಾಲಿಸಿದಾಗ ಯಾವ ಥ್ರಸ್ಟರಿಗೆ ಎಷ್ಟು ಪಾಲು ಹೋಗಬೇಕೆಂದು ಸಣ್ಣ ನಿಯಂತ್ರಕವೊಂದು ಹಂಚುತ್ತದೆ. ಕೈ ನಡುಗಿದ್ದಕ್ಕೆಲ್ಲ ಮೋಟಾರ್ ಓಡದಂತೆ ನಡುವೆ ಒಂದಿಷ್ಟು ನಿಷ್ಕ್ರಿಯ ಜಾಗವನ್ನೂ, ವೇಗ ಒಮ್ಮೆಲೇ ಏರದಂತೆ ಒಂದು ಮಿತಿಯನ್ನೂ ಅದರಲ್ಲಿ ಇಡುತ್ತಾರೆ. ಒತ್ತಡಮಾಪಕ ಹೇಳುವ ಆಳವನ್ನು ಬೇಕಾದ ಆಳದೊಂದಿಗೆ ಹೋಲಿಸಿ ನೆಟ್ಟನೆಯ ಥ್ರಸ್ಟರನ್ನು ತಾನೇ ತಿದ್ದುವ ವ್ಯವಸ್ಥೆಯನ್ನೂ ಸೇರಿಸಬಹುದು. ಆದರೆ ನಿಯಂತ್ರಕ ಕೆಟ್ಟರೆ ಪ್ರತಿ ಮೋಟಾರನ್ನೂ ಬೇರೆ ಬೇರೆಯಾಗಿ ಓಡಿಸಲು ಸಾದಾ ಸ್ವಿಚ್ಚುಗಳಿರಬೇಕು, ಅವೂ ಕೆಟ್ಟರೆ ಒಳಗಿನಿಂದ ಕೈಯಿಂದಲೇ ಕಳಚಬಹುದಾದ ಸೀಸದ ತೂಕವಿರಬೇಕು. ಪ್ರಾಣಾಪಾಯದಲ್ಲಿ ಮೇಲೇಳುವ ಭಾರವನ್ನು ಎಂದೂ ಥ್ರಸ್ಟರಿನ ಮೇಲೆ ಹೊರಿಸಬಾರದು. 2023ರ ಜೂನ್ 18ರಂದು ಉತ್ತರ ಅಟ್ಲಾಂಟಿಕ್‌ನಲ್ಲಿ ಟೈಟನ್ ಎಂಬ ಖಾಸಗಿ ಜಲಾಂತರ್ಗಾಮಿ ಐವರೊಂದಿಗೆ ನಾಶವಾದಾಗ, ಅದನ್ನು ವಿಡಿಯೊ ಗೇಮಿನ ಕಂಟ್ರೋಲರಿನಿಂದ ನಡೆಸುತ್ತಿದ್ದರೆಂಬ ಸುದ್ದಿಯೇ ಎಲ್ಲೆಡೆ ಹರಡಿತು. ಸೋತದ್ದು ಅದರ ಕಾರ್ಬನ್ ಫೈಬರ್ ಒಡಲೇ ಹೊರತು ಕಂಟ್ರೋಲರ್ ಅಲ್ಲ.

ಈ ಸೀಮೆಯ ನೀರಿಗೆ ಅದರದೇ ಆದ ಅಪಾಯಗಳೂ ಇವೆ. ತಳಕ್ಕೆ ಹತ್ತಿರದಲ್ಲಿ ನೆಟ್ಟನೆಯ ಥ್ರಸ್ಟರ್ ಓಡಿಸಿದರೆ ಎರೆಮಣ್ಣಿನ ಹೂಳು ಎದ್ದು ಕಿಟಕಿ ಕುರುಡಾಗುತ್ತದೆ. ಹಿನ್ನೀರಿನಲ್ಲಿ ಮೀನುಗಾರರು ಬಿಟ್ಟ ಬಲೆಯ ಒಂದು ಎಳೆ ಸಾಕು, ಪ್ರೊಪೆಲ್ಲರಿಗೆ ಸುತ್ತಿಕೊಂಡು ಹಡಗನ್ನು ಕಟ್ಟಿಹಾಕುತ್ತದೆ. ಕಾಲುವೆಯಲ್ಲಿ ಗೇಟು, ತೂಬುಗಳ ಬಳಿ ಎರಡು ಬದಿಯ ನೀರಿನ ಮಟ್ಟ ಬೇರೆಯಾಗಿರುವುದರಿಂದ ಹುಟ್ಟುವ ಸೆಳೆತಕ್ಕೆ ಸಿಕ್ಕಿದ್ದನ್ನು ಯಾವ ಥ್ರಸ್ಟರೂ ಬಿಡಿಸಲಾರದು. ಕಾಲುವೆ ನೀರಾವರಿಗಾಗಿ ಇರುವುದೇ ಹೊರತು ಇಂತಹ ಪ್ರಯೋಗಕ್ಕಲ್ಲ ಎಂಬುದು ನಿಯಮದ ಮಾತು ಮಾತ್ರವಲ್ಲ, ಜೀವದ ಮಾತೂ ಹೌದು. ಜಲಾಶಯಗಳಲ್ಲಿಯೂ ನೀರಾವರಿ ಅಧಿಕಾರಿಗಳ ಅನುಮತಿಯಿಲ್ಲದೆ ಇಳಿಯುವಂತಿಲ್ಲ.

ಆರು ಸಾವಿರ ಮೀಟರ್ ಆಳಕ್ಕೆ ಮೂವರನ್ನು ಒಯ್ಯಲೆಂದು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಕಟ್ಟುತ್ತಿರುವ ಮತ್ಸ್ಯ-6000 ಕೂಡ 2025ರ ಆರಂಭದಲ್ಲಿ ಮೊದಲು ನೀರಿಗಿಳಿದದ್ದು ಕಾಟ್ಟುಪಳ್ಳಿ ಬಂದರಿನ ಆಳವಿಲ್ಲದ ನೀರಿನಲ್ಲಿ, ಮೊದಲು ಮನುಷ್ಯರಿಲ್ಲದೆ, ಆಮೇಲೆ ಮನುಷ್ಯರೊಂದಿಗೆ. ಸಿಂಧನೂರಿನಲ್ಲೋ ಮಸ್ಕಿಯಲ್ಲೋ ಆಸಕ್ತ ವಿದ್ಯಾರ್ಥಿಗಳಿದ್ದರೆ ಅವರಿಗೆ ಇದಕ್ಕಿಂತಲೂ ಸುರಕ್ಷಿತವಾದ ಆರಂಭ ಹೊಲದ ಕೃಷಿ ಹೊಂಡದಲ್ಲಿದೆ. ಮೂರು ಮೀಟರ್ ಆಳದ ನಿಂತ ನೀರಿನಲ್ಲಿ, ಮನುಷ್ಯರಿಲ್ಲದ, ಹಗ್ಗ ಕಟ್ಟಿದ ಚಿಕ್ಕ ಮಾದರಿಯೊಂದನ್ನು ಇಳಿಸಿ, ಮೊದಲ ದಿನ ಮೋಟಾರನ್ನು ಮುಟ್ಟದೆ ಅದರ ತೂಕವನ್ನಷ್ಟೇ ಸರಿಪಡಿಸಿ, ಅದು ನೆಟ್ಟಗೆ ನಿಲ್ಲುವುದನ್ನು ಖಚಿತಪಡಿಸಿಕೊಂಡು, ಆ ಬಳಿಕ ಒಂದೊಂದೇ ಥ್ರಸ್ಟರನ್ನು, ಹೊಂಡದ ಪ್ಲಾಸ್ಟಿಕ್ ಹಾಳೆಯನ್ನು ಹರಿಯದಷ್ಟು ದೂರದಲ್ಲಿಟ್ಟು, ಪರೀಕ್ಷಿಸಬಹುದು. ಅಣೆಕಟ್ಟಿನ ಗೋಡೆ ಗೇಟುಗಳನ್ನು ಪರಿಶೀಲಿಸಲು ಬಳಸುವ, ಮೇಲಿನಿಂದಲೇ ನಡೆಸುವ ಕ್ಯಾಮೆರಾ ಯಂತ್ರಗಳು ಇದೇ ವಿದ್ಯೆಯ ಫಲವಾದ್ದರಿಂದ ಈ ಅಭ್ಯಾಸ ಬರಿಯ ಹವ್ಯಾಸವಾಗಿಯೇ ಉಳಿಯಬೇಕಾಗಿಲ್ಲ. ಮೋಟಾರ್ ಓಡದಿದ್ದಾಗ ನೆಟ್ಟಗೆ ನಿಲ್ಲಲಾರದ ಹಡಗು ಮೋಟಾರ್ ಓಡಿದಾಗಲೂ ಹೇಳಿದ ಮಾತು ಕೇಳುವುದಿಲ್ಲ. ಥ್ರಸ್ಟರುಗಳ ಖರೀದಿಗೆ ಹೊರಡುವ ಮೊದಲು ಒಂದು ತಕ್ಕಡಿಯನ್ನೂ ಸೀಸದ ಗಟ್ಟಿಗಳನ್ನೂ ಕೊಂಡವನೇ ಈ ಕೆಲಸವನ್ನು ಸರಿಯಾದ ತುದಿಯಿಂದ ಹಿಡಿದವನು.